ನಿವೃತ್ತ ದಫೇದಾರರನ್ನು ಶಾಲೆ ಗೇಟಿಗೆ ಅರ್ಧ ದಿನ ಇಟ್ಟುಕೊಳ್ಳೋದು: ಗೊತ್ತಿದ್ದವರು ಹೇಳಿ

ಕಮಿಟಿ ಮೆಂಬರ್, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಟ್ರಸ್ಟ್ ಶಾಲೆ. ಎಲ್‌ಕೆಜಿಯಿಂದ ಹತ್ತನೇ ಕ್ಲಾಸಿನ ತನಕ ಇದೆ, ಮಕ್ಕಳು ಆರುನೂರರ ಹತ್ತಿರ. ನಾನು ಆಡಳಿತ ಮಂಡಳಿಯಲ್ಲಿ ಸದಸ್ಯ. ಸಂಬಳ ಇಲ್ಲ, ಬೈಗುಳ ಮಾತ್ರ ಸಿಗತ್ತೆ. ಹೊಟ್ಟೆಪಾಡಿಗೆ ಅಡಿಕೆ ತೋಟ.

ಶಾಲೆಗೆ ಎರಡು ಗೇಟು. ದೊಡ್ಡದು ಹೆದ್ದಾರಿ 169ರ ಕಡೆಗಿದೆ. ಇನ್ನೊಂದು ಹಿಂದುಗಡೆ, ಆಟದ ಬಯಲಿಂದ ಊರೊಳಗಿನ ರಸ್ತೆಗೆ. ಹಿಂದಿನ ಗೇಟಿಗೆ ಬೀಗ ಹಾಕಿದೆ ಅಂತ ಎಲ್ಲರೂ ಹೇಳ್ತಾರೆ, ಕೀಲಿ ಯಾರ ಹತ್ರ ಅಂತ ಕೇಳಿದ್ರೆ ಒಬ್ಬೊಬ್ಬರು ಒಬ್ಬೊಬ್ಬರ ಮುಖ ನೋಡ್ತಾರೆ. ಮುಂದಿನ ಗೇಟಲ್ಲಿ ನಮ್ಮ ಅಟೆಂಡರ್ ನಿಲ್ತಾನೆ. ಬೆಲ್ ಹೊಡೆಯೋದು, ಬ್ಯಾಂಕಿಗೆ ಹೋಗೋದು, ಪಂಪ್ ಹಾಕೋದು, ಇವೆಲ್ಲ ಮುಗಿದ ಮೇಲೆ ಪುರುಸೊತ್ತಾದ್ರೆ ನಿಲ್ತಾನೆ.

ಕಳೆದ ತಿಂಗಳು ಏನಾಯ್ತು ಅಂದ್ರೆ, ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬರು ಬೈಕಲ್ಲಿ ಬಂದ್ರು. ಮೂರನೇ ಕ್ಲಾಸಿನ ಹುಡುಗನ ಚಿಕ್ಕಪ್ಪ ಅಂದ್ರು. "ಅಜ್ಜಿಗೆ ಸೀರಿಯಸ್ಸು, ಮಣಿಪಾಲಕ್ಕೆ ಸಾಗಿಸ್ತಿದ್ದೀವಿ, ಹುಡುಗನ್ನ ಕಳಿಸಿ" ಅಂದ್ರು. ಹುಡುಗನೂ "ಚಿಕ್ಕಪ್ಪ" ಅಂತ ಓಡಿ ಹೋದ. ಕಳಿಸಿದ್ರು. ಸಂಜೆ ತಾಯಿ ಬಂದು ಮಗು ಎಲ್ಲಿ ಅಂತ ಕೇಳಿದಾಗ ಗೊತ್ತಾಗಿದ್ದು, ಅಜ್ಜಿ ಮನೇಲಿ ಗಟ್ಟಿಮುಟ್ಟಾಗಿ ಕೂತಿದ್ರು. ಅಣ್ಣ-ತಮ್ಮಂದಿರಿಗೆ ಆಸ್ತಿ ಪಾಲಿನ ಜಗಳ, ಕೋರ್ಟಲ್ಲಿ ಕೇಸಿದೆ. ಹುಡುಗನಿಗೆ ಏನೂ ಆಗಿಲ್ಲ, ಅವತ್ತೇ ರಾತ್ರಿ ವಾಪಸ್ ಬಂದ. ಆದರೆ ಆ ತಾಯಿ ಆಫೀಸಿನ ಬಾಗಿಲಲ್ಲಿ ಕೂತು ಅತ್ತಿದ್ದು ನೋಡಿದ ಮೇಲೆ ನಮಗೆ ಯಾರಿಗೂ ಮುಖ ಇರಲಿಲ್ಲ.

ಆ ಮೇಲೆ ಮೀಟಿಂಗ್ ಕರೆದ್ವಿ. ಅಧ್ಯಕ್ಷರು ಒಂದು ಹೆಸರು ಹೇಳಿದ್ರು. ಹೋದ ವರ್ಷ ರಿಟೈರ್ ಆದ ದಫೇದಾರರು (ಪೊಲೀಸ್ ಹೆಡ್ ಕಾನ್‌ಸ್ಟೇಬಲ್), ಶಾಲೆಯಿಂದ ಕೂಗಿದ್ರೆ ಕೇಳೋ ದೂರದಲ್ಲಿ ಮನೆ, ಆರೋಗ್ಯ ಚೆನ್ನಾಗಿದೆ. ಬೆಳಿಗ್ಗೆ ಎಂಟೂಮುಕ್ಕಾಲಿಂದ ಹತ್ತೂಕಾಲು, ಸಂಜೆ ಮೂರೂವರೆಯಿಂದ ಐದೂವರೆ. ತಿಂಗಳಿಗೆ ಒಂಬತ್ತು ಸಾವಿರಕ್ಕೆ ಒಪ್ಪಿದ್ದಾರೆ. ಏಜೆನ್ಸಿ ಗಾರ್ಡ್ ಆದ್ರೆ ಇಡೀ ದಿನಕ್ಕೆ ಇನ್ನೂ ಜಾಸ್ತಿ ಕೊಡಬೇಕು, ಅದೂ ಮೂರು ತಿಂಗಳಿಗೊಮ್ಮೆ ಹೊಸ ಮುಖ. ಅರ್ಧ ಜನ "ಪೊಲೀಸ್ ಅಂದ್ರೆ ಶಿಸ್ತು ಬರತ್ತೆ, ಲೇಟ್ ಬರೋ ಹುಡುಗ್ರು ಸರಿ ಹೋಗ್ತಾರೆ" ಅಂತ ಖುಷಿ. ಎಚ್‌ಎಂ ಮೇಡಂ ಮಾತ್ರ ಸುಮ್ಮನೆ ಕೂತಿದ್ರು, ಅದು ಒಪ್ಪಿಗೆಯ ಮೌನ ಅಲ್ಲ ಅಂತ ನನಗೆ ಗೊತ್ತು.

ಕೊನೆಗೆ ಅಧ್ಯಕ್ಷರು "ಅವರ ಹತ್ರ ಲೈಸೆನ್ಸ್ ಇರೋ ಕೋವಿನೂ ಇದೆ" ಅಂತ ಸೇರಿಸಿದ್ರು. ಕುಡೀತಿದ್ದ ಕಾಫಿ ನೆತ್ತಿಗೇರಿತು ನನಗೆ.

ನನ್ನ ಪ್ರಶ್ನೆ ಇಷ್ಟೇ. ಹೀಗೆ ನೇರವಾಗಿ ಇಟ್ಟುಕೊಳ್ಳೋಕೆ ಕಾನೂನಲ್ಲಿ ಅಡ್ಡಿ ಇದೆಯಾ? ದಿನಕ್ಕೆ ಮೂರೂವರೆ ಗಂಟೆಯಲ್ಲಿ ಅವರಿಂದ ಏನು ಕೆಲಸ ತಗೋಬಹುದು? ಮಕ್ಕಳು ಹೆದರ್ತಾರಾ? ನಿಮ್ಮ ಕಡೆ ಶಾಲೆಗಳಲ್ಲಿ ಯಾರಾದ್ರೂ ಮಾಡಿದ್ದಾರಾ? ಮುಂದಿನ ಭಾನುವಾರ ಮತ್ತೆ ಮೀಟಿಂಗ್ ಇದೆ.

ವಿನೋಬನಗರ ಹುಡುಗ

ಸರ್, ಎಂಟು ಸಿಸಿಟಿವಿ ಹಾಕ್ಸಿ, ಮೊಬೈಲಲ್ಲೇ ನೋಡ್ಬಹುದು. ಒಂದ್ಸಲ ಖರ್ಚು, ಮುಗೀತು. ಮನುಷ್ಯರು ಇಟ್ಕೊಂಡ್ರೆ ರಜೆ, ಬೋನಸ್ಸು, ತಲೆನೋವು.

ಮಾಜಿ ಎಎಸ್‌ಐ, ಸಾಗರ

ವಿನೋಬನಗರದ ತಮ್ಮಾ, ನೀನು ಶಿವಮೊಗ್ಗ ಪೇಟೆಯಲ್ಲಿ ಇದ್ದೀಯ, ಅದಕ್ಕೇ ಹಂಗಂತೀಯ. ಜುಲೈ ತಿಂಗಳಲ್ಲಿ ಒಂದು ಸಲ ತೀರ್ಥಹಳ್ಳಿ ಕಡೆ ಬಾ. ಬೆಳಿಗ್ಗೆ ಕರೆಂಟ್ ಹೋದ್ರೆ ಸಂಜೆಗೆ ಬಂದ್ರೂ ಬಂತು, ಇಲ್ಲದಿದ್ರೂ ಇಲ್ಲ. ಕರೆಂಟ್ ಇದ್ದಾಗಲೂ ಕ್ಯಾಮೆರಾದಲ್ಲಿ ಕಾಣೋದು ಏನು? ಗೇಟಿಗೆ ಬರೋರೆಲ್ಲ ರೈನ್‌ಕೋಟು, ಹೆಲ್ಮೆಟ್ಟು. ಅಪ್ಪ ಯಾರು, ಆಟೋದವ ಯಾರು, ದಾರಿಹೋಕ ಯಾರು, ಮುಖವೇ ಕಾಣಲ್ಲ. ಆ ಮಳೆಯಲ್ಲಿ ಆಳನ್ನ ಗುರುತು ಹಿಡಿಯೋದು ಬೈಕಿನ ನಂಬರಿಂದ, ನಿಲ್ಲೋ ಭಂಗಿಯಿಂದ, ದನಿಯಿಂದ. ಅದಕ್ಕೆ ಅಲ್ಲೇ ದಿನಾ ನಿಂತು ನೋಡಿದ ಮನುಷ್ಯ ಬೇಕು.

ಈಗ ಕಮಿಟಿ ಸದಸ್ಯರಿಗೆ. ನಾನು ರಿಟೈರ್ ಆದ ಮೇಲೆ ಸಾಗರದ ಒಂದು ಶಾಲೆಯಲ್ಲಿ ಇದೇ ಕೆಲಸ ಮಾಡ್ತಿದ್ದೀನಿ, ಬೆಳಿಗ್ಗೆ ಸಂಜೆ ಮಾತ್ರ. ಪೆನ್ಷನ್ ಬರತ್ತೆ, ದುಡ್ಡಿನ ಆಸೆಗೆ ಅಲ್ಲ. ಮನೆಯಲ್ಲಿ ಕೂತ್ರೆ ನಮ್ಮ ಮನೆಯವರಿಗೆ ಕಷ್ಟ.

ಮೊದಲು ಕೋವಿ ವಿಷಯ. ಅದು ಮನೆಯಲ್ಲೇ ಇರಲಿ. ತೋಟ ಕಾಯೋದಕ್ಕೆ ಕೊಟ್ಟ ಲೈಸೆನ್ಸು ಶಾಲೆ ಕಾಯೋದಕ್ಕೆ ನಡೆಯಲ್ಲ. ಇದರ ಬಗ್ಗೆ ಮೀಟಿಂಗಲ್ಲಿ ಚರ್ಚೆಗೇ ಅವಕಾಶ ಕೊಡಬೇಡಿ.

ಎರಡನೇದು, ರಿಟೈರ್ ಆದವನು ಪೊಲೀಸ್ ಅಲ್ಲ. ಇದು ನಿಮಗಿಂತ ಮೊದಲು ಅವರಿಗೆ ಗೊತ್ತಿರಬೇಕು. ಅರವತ್ತು ತುಂಬಿದ ತಿಂಗಳ ಕೊನೇ ದಿನ ಐಡಿ ಕಾರ್ಡ್ ಒಪ್ಪಿಸಿ, ಹಾರ ಹಾಕಿಸ್ಕೊಂಡು ಹೊರಗೆ ಬಂದ್ವಿ ಅಂದ್ರೆ ಅಧಿಕಾರವೂ ಅಲ್ಲೇ ಬಿಟ್ಟು ಬಂದ್ವಿ. ಯಾರ ಮೊಬೈಲನ್ನೂ ಕಿತ್ಕೊಂಡು ನೋಡೋ ಹಾಗಿಲ್ಲ, ಯಾರನ್ನೂ ರೂಮಲ್ಲಿ ಕೂರಿಸಿ "ವಿಚಾರಿಸೋ" ಹಾಗಿಲ್ಲ. ಕಣ್ಣೆದುರೇ ಜಾಮೀನಿಲ್ಲದ ದೊಡ್ಡ ಅಪರಾಧ ಮಾಡ್ತಿದ್ದವನನ್ನ ಯಾವ ನಾಗರಿಕ ಬೇಕಾದ್ರೂ ಹಿಡೀಬಹುದು, ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 40ನೇ ಸೆಕ್ಷನ್‌ನಲ್ಲಿದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ನಿಮಗಿರೋ ಅಧಿಕಾರವೇ ಅವರಿಗೂ. ಒಂದು ಗುಲಗಂಜಿ ಜಾಸ್ತಿ ಇಲ್ಲ.

ಹಾಗಾದ್ರೆ ಪೊಲೀಸರೇ ಯಾಕೆ ಬೇಕು? ಎಲ್ಲ ಪೊಲೀಸರೂ ಬೇಡ, ಅದನ್ನೇ ಹೇಳೋಕೆ ಹೊರಟೆ. ಇವರು ಕೊನೇ ಹತ್ತು ವರ್ಷ ಏನು ಕೆಲಸ ಮಾಡ್ತಿದ್ರು ಅಂತ ಕೇಳಿ. ಡಿಎಆರ್‌ನಲ್ಲಿ (ಜಿಲ್ಲಾ ಸಶಸ್ತ್ರ ಪಡೆ) ಸಾಹೇಬ್ರ ಗಾಡಿ ಓಡಿಸಿದವರು, ರಿಸರ್ವ್ ಪೊಲೀಸಲ್ಲಿ ಬಂದೋಬಸ್ತಿಗೆ ಊರೂರು ತಿರುಗಿದವರು, ಅವರು ಒಳ್ಳೇ ಜನವೇ, ಆದರೆ ನಿಮ್ಮ ಕೆಲಸದ ಅಭ್ಯಾಸ ಇರಲ್ಲ. ಠಾಣೆಯಲ್ಲಿ ಬೀಟ್ ಮಾಡಿದವರು, ಸಮನ್ಸ್ ಜಾರಿಗೆ ಮನೆಮನೆ ಅಲೆದವರು, ಅದಕ್ಕಿಂತ ಹೆಚ್ಚಾಗಿ ಠಾಣೆಯ ದಾಖಲೆ ಬರೆಯೋ ಸ್ಟೇಷನ್ ರೈಟರ್ ಆಗಿದ್ದವರು ಸಿಕ್ಕಿದ್ರೆ ಬಿಡಬೇಡಿ. ರೈಟರಿಗೆ ಎರಡು ಗುಣ ಇರತ್ತೆ. ಬಂದವನ ಹೆಸರು, ತಂದೆ ಹೆಸರು, ಊರು, ಗಾಡಿ ನಂಬರು, ಟೈಮು ಬರೆಯದೆ ಕೈ ಸುಮ್ಮನಿರಲ್ಲ. ಮತ್ತೆ, ಯಾರ ಮನೆಯಲ್ಲಿ ಏನು ವ್ಯಾಜ್ಯ ನಡೀತಿದೆ ಅಂತ ಅರ್ಧ ತಾಲ್ಲೂಕಿನದು ತಲೆಯಲ್ಲಿರತ್ತೆ. ನಿಮ್ಮ ಚಿಕ್ಕಪ್ಪನ ಪ್ರಕರಣದಲ್ಲಿ ಗೇಟಲ್ಲಿ ಅಂಥವರು ಒಬ್ಬರು ಇದ್ದಿದ್ರೆ "ಏನಪ್ಪಾ, ಪಾಲಿನ ಕೇಸು ಎಲ್ಲಿಗೆ ಬಂತು?" ಅಂತ ಕೇಳಿರೋರು. ಅಷ್ಟಕ್ಕೇ ಬಂದವನು ಗಾಡಿ ತಿರುಗಿಸ್ತಿದ್ದ.

ಕೆಲಸ ಏನು ಕೊಡಬಹುದು ಅಂದ್ರಿ. ನಾನು ಮಾಡೋದು ಹೇಳ್ತೀನಿ. ಬೆಳಿಗ್ಗೆ ಆಟೋ, ವ್ಯಾನ್‌ಗಳು ಬಂದು ನಿಲ್ಲೋ ಜಾಗದಲ್ಲಿರ್ತೀನಿ. ಯಾವ ಆಟೋದಲ್ಲಿ ಯಾರ್ಯಾರು ಬರ್ತಾರೆ ಅಂತ ಪಟ್ಟಿ ಇದೆ, ಡ್ರೈವರ್ ಬದಲಾದ್ರೆ ಅವತ್ತೇ ಕೇಳ್ತೀನಿ. ಮಕ್ಕಳನ್ನ ಕುರಿ ತುಂಬಿದ ಹಾಗೆ ತುಂಬ್ಕೊಂಡು ಬರೋ ಆಟೋದವರ ಹತ್ರ ಜಗಳ ಆಡಲ್ಲ, ಎಣಿಸಿ ಪುಸ್ತಕದಲ್ಲಿ ಬರೀತೀನಿ, ವಾರಕ್ಕೊಂದು ಸಲ ಎಚ್‌ಎಂ ಸಹಿ ಹಾಕ್ತಾರೆ. ಬರೀತಾರೆ ಅಂತ ಗೊತ್ತಾದ ಮೇಲೆ ತಾನಾಗೇ ಕಮ್ಮಿ ಆಯ್ತು.

ಮಧ್ಯದಲ್ಲಿ ಮಗುವನ್ನ ಕರ್ಕೊಂಡು ಹೋಗೋಕೆ ಯಾರೇ ಬರಲಿ, ಅಪ್ಪನೇ ಬರಲಿ, ಚೀಟಿ ಆಫೀಸಿಂದ ಬರಬೇಕು. ಆಫೀಸಿನವರು ಫೋನ್ ಮಾಡಬೇಕಾದ್ದು ದಾಖಲಾತಿ ಪುಸ್ತಕದಲ್ಲಿರೋ ನಂಬರಿಗೆ. ಬಂದವನು "ತಗೊಳ್ಳಿ, ಅವರಮ್ಮನ ಹತ್ರ ಮಾತಾಡಿ" ಅಂತ ತನ್ನ ಮೊಬೈಲ್ ಕೊಡ್ತಾನಲ್ಲ, ಅದನ್ನ ಕಿವಿಗೆ ಇಡಲೇಬಾರದು. ಆ ಕಡೆ ಯಾರು ಬೇಕಾದ್ರೂ ಅಮ್ಮ ಆಗಬಹುದು. ಗಂಡ-ಹೆಂಡತಿ ಕೋರ್ಟಲ್ಲಿದ್ರೆ ಮಗು ಯಾರ ಸುಪರ್ದಿಗೆ ಅಂತ ಆದೇಶದ ಜೆರಾಕ್ಸ್ ಆಫೀಸಲ್ಲಿರಬೇಕು. ನಿಮ್ಮ ದಫೇದಾರರು ಮಧ್ಯಾಹ್ನ ಇರಲ್ಲ ಅಂದ್ರಲ್ಲ, ಆದ್ದರಿಂದ ಈ ಪದ್ಧತಿ ಅವರ ಮೇಲೆ ನಿಲ್ಲಬಾರದು. ಅವರು ಹಾಕಿಕೊಡಲಿ, ಅಟೆಂಡರಿಗೂ ಬರಲಿ. ಹಿಂದಿನ ಗೇಟಿನ ಕೀಲಿ ಎಚ್‌ಎಂ ಮೇಜಿನ ಖಾನೆಯಲ್ಲಿ ಒಂದು, ಆಫೀಸಲ್ಲಿ ಒಂದು, ಮೂರನೇದು ಬೇಡ. ಬೆಂಕಿ ಗಿಂಕಿ ಅಂದ್ರೆ ಅದೇ ದಾರಿ.

ಸಂಜೆ ಗೇಟಿಗಿಂತ ಬಸ್‌ಸ್ಟಾಪ್ ಮುಖ್ಯ. ಮಲೆನಾಡಿನ ಶಾಲೆಗಳಲ್ಲಿ ತೊಂದರೆ ಗೇಟಿನಲ್ಲಿ ಆಗೋದು ಕಮ್ಮಿ. ಒಳಹಳ್ಳಿ ಬಸ್ಸು ಐದೂವರೆಗೋ ಆರಕ್ಕೋ ಬರತ್ತೆ, ಅಲ್ಲಿವರೆಗೆ ಹೈಸ್ಕೂಲಿನ ಹೆಣ್ಣುಮಕ್ಕಳು ತಂಗುದಾಣದಲ್ಲಿ. ಮಳೆಗಾಲದಲ್ಲಿ ಐದಕ್ಕೇ ಕತ್ತಲು. ಬಸ್ ಬರಲಿಲ್ಲ ಅಂದ್ರೆ "ಬಾ ಬಿಡ್ತೀನಿ" ಅನ್ನೋ ಕಾರು, ಬೈಕು ನಿಂತೇ ನಿಲ್ತವೆ, ಬಹಳಷ್ಟು ಒಳ್ಳೇ ಮನಸ್ಸಿನವೇ. ನಾನು ಕೊನೇ ಬಸ್ ಹೋಗೋ ತನಕ ಅಲ್ಲೇ ಒಂದು ಕಟ್ಟೆ ಮೇಲೆ ಕೂತಿರ್ತೀನಿ. ಬೇರೆ ಏನೂ ಮಾಡಲ್ಲ. ಬಸ್ ಬರಲಿಲ್ಲ ಅಂದ್ರೆ ಮನೆಯವರಿಗೆ ಫೋನ್ ಮಾಡ್ತೀನಿ. ನಿಮ್ಮ ದಫೇದಾರರನ್ನ ಐದೂವರೆಗೆ ಬಿಡಬೇಡಿ, ಬೆಳಿಗ್ಗೆ ಅರ್ಧ ಗಂಟೆ ಕಮ್ಮಿ ಮಾಡಿ ಸಂಜೆಗೆ ಸೇರಿಸಿ.

ಗೇಟಿನ ಎದುರು ಗೂಡಂಗಡಿ ಇದ್ದೇ ಇರತ್ತಲ್ಲ. ಶಾಲೆಯಿಂದ ನೂರು ಗಜದೊಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರೋ ಹಾಗಿಲ್ಲ, 2003ರ ಕಾಯ್ದೆ. ಅದನ್ನ ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ. ಠಾಣೆಗೆ ಅರ್ಜಿ ಹೇಗೆ ಬರೆದರೆ ಮುಂದೆ ಹೋಗತ್ತೆ, ಹೇಗೆ ಬರೆದರೆ ಫೈಲಿನ ಅಡಿಗೆ ಹೋಗತ್ತೆ ಅಂತ ಹಳೇ ರೈಟರಿಗೆ ಗೊತ್ತು. ಇದೂ ಒಂದು ಲಾಭ ಅಂತ ಇಟ್ಕೊಳ್ಳಿ.

ಇನ್ನು ಕಹಿ ವಿಷಯ. ಪೊಲೀಸರಿಗೆ ಒಂದು ಚಟ ಇದೆ, ರಾಜಿ ಮಾಡಿಸೋದು. ಊರಲ್ಲಿ ಗಲಾಟೆ ಆದ್ರೆ ಎರಡೂ ಕಡೆಯವರನ್ನ ಕರೆದು, ಬೈದು, ಮುಚ್ಚಳಿಕೆ ಬರೆಸಿಕೊಂಡು ಕಳಿಸಿ ಕಳಿಸಿ ಅಭ್ಯಾಸ. ಅಡಿಕೆ ಕೊನೆ ಕದ್ದ ಕೇಸಿಗೆ ಅದು ಸರಿಹೋಗಬಹುದು. ಶಾಲೆಯಲ್ಲಿ ಯಾರೋ ಒಬ್ಬ ಮಗುವನ್ನ ಕೆಟ್ಟದಾಗಿ ಮುಟ್ಟಿದ ಅಂತ ಸುದ್ದಿ ಬಂದಾಗ ಅದೇ ಹಳೇ ಕೈ ಕೆಲಸ ಮಾಡಿದ್ರೆ ಎಲ್ಲರೂ ಜೈಲಿಗೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾಯ್ದೆ, ಪೋಕ್ಸೋ 2012ರ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದೇ ಇರೋದೇ ಅಪರಾಧ. "ಶಾಲೆ ಮರ್ಯಾದೆ", "ಹುಡುಗಿ ಭವಿಷ್ಯ" ಅಂತ ಕಮಿಟಿಯವರೇ ಹೇಳ್ತೀರಿ ನೋಡ್ತಿರಿ, ಆಗ ಪಕ್ಕದಲ್ಲಿ ಊರಿಗೆಲ್ಲ ಬೇಕಾದ ಮಾಜಿ ದಫೇದಾರರು ಇದ್ರೆ "ನಾನು ನೋಡ್ಕೋತೀನಿ ಬಿಡಿ" ಅಂದುಬಿಡ್ತಾರೆ. ಯಾರನ್ನ ಎಲ್ಲರೂ ಬಲ್ಲರು ಅಂತ ತಗೋತೀರೋ, ಅವರಿಂದ ಅಪಾಯವೂ ಇದೇ ಕಡೆಯಿಂದ. ನೇಮಕಾತಿ ಪತ್ರದಲ್ಲೇ ಬರೆಸಿ: ಮಕ್ಕಳ ಯಾವ ದೂರನ್ನೂ ಅವರು ಇತ್ಯರ್ಥ ಮಾಡೋ ಹಾಗಿಲ್ಲ, ಕೂಡಲೇ ಎಚ್‌ಎಂಗೆ, ಅಲ್ಲಿಂದ ಠಾಣೆಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಮ್ಮಿ ಇಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಇರಬೇಕು, ಬಾಲನ್ಯಾಯ ಕಾಯ್ದೆಯಲ್ಲಿದೆ. ಅವರ ನಂಬರು ಆಫೀಸಿನ ಗೋಡೆ ಮೇಲಿರಲಿ.

2017ರ ಸೆಪ್ಟೆಂಬರಲ್ಲಿ ಗುರುಗ್ರಾಮದ ಶಾಲೆಯಲ್ಲಿ ಎರಡನೇ ಕ್ಲಾಸಿನ ಹುಡುಗನ ಕೊಲೆ ಆಯ್ತಲ್ಲ, ಶೌಚಾಲಯದಲ್ಲಿ. ಅವತ್ತೇ ಬಸ್ ಕಂಡಕ್ಟರನ್ನ ಹಿಡಿದ್ರು, ತಪ್ಪೊಪ್ಪಿಗೆನೂ ಬಂತು ಅಂದ್ರು. ಆಮೇಲೆ ಸಿಬಿಐ ಬಂದು ಹಿಡಿದಿದ್ದು ಅದೇ ಶಾಲೆಯ ಹನ್ನೊಂದನೇ ಕ್ಲಾಸಿನ ಹುಡುಗನ್ನ. ಕಂಡಕ್ಟರನ್ನ ಬಿಡುಗಡೆ ಮಾಡಿದ್ರು. ಗೇಟಲ್ಲಿ ಎಷ್ಟು ಪೊಲೀಸರು ನಿಂತಿದ್ರೂ ಅದು ತಪ್ಪುತ್ತಿರಲಿಲ್ಲ. ಒಳಗಿನದಕ್ಕೆ ಒಳಗಿನವರೇ ಕಣ್ಣಿಡಬೇಕು, ಬಿಡುವಿನ ಹೊತ್ತಿಗೆ ಶೌಚಾಲಯದ ಕಡೆ ಟೀಚರ್ ಪಾಳಿ, ಆಯಾ. ಗೇಟಿನವರು ಆ ಕಡೆ ಹೋಗಲೇಬಾರದು, ಅದನ್ನೂ ಬರೆಸಿ. ಅವರ ಒಳ್ಳೇದಕ್ಕೇ.

ಖಾಕಿ ಬೇಡ. ಪೊಲೀಸರ ಹಾಗೆ ಕಾಣೋ ಬಟ್ಟೆ ಹಾಕೋ ಹಾಗೂ ಇಲ್ಲ. ಪ್ಯಾಂಟು, ಶರ್ಟು, ಕುತ್ತಿಗೆಗೆ ಶಾಲೆಯ ಗುರುತಿನ ಚೀಟಿ. ಮಳೆಗೆ ಒಂದು ಒಳ್ಳೇ ರೈನ್‌ಕೋಟ್ ನೀವೇ ಕೊಡಿಸಿ, ಕಡುಹಳದಿ ಬಣ್ಣದ್ದು, ಹೆದ್ದಾರಿ ಪಕ್ಕ ಅಂತೀರಿ. ಗೇಟಿನ ಹತ್ರ ಕೂರೋಕೆ ತಗಡಿನದ್ದಾದ್ರೂ ಒಂದು ಸೂರು. ಇಷ್ಟೂ ಇಲ್ಲದೆ ಅರವತ್ತು ದಾಟಿದವರನ್ನ ತೀರ್ಥಹಳ್ಳಿ ಮಳೆಯಲ್ಲಿ ನಿಲ್ಲಿಸಿದ್ರೆ ಎರಡನೇ ವಾರ ಅವರು ಆಸ್ಪತ್ರೆಯಲ್ಲಿ, ನೀವು ಮತ್ತೆ ಮೀಟಿಂಗಲ್ಲಿ.

ಹೈಸ್ಕೂಲ್ ಮೇಡಂ, ಹೊಸನಗರ

ಎಎಸ್‌ಐ ಸರ್ ಬರೆದಿದ್ದು ಓದಿ ಸಮಾಧಾನ ಆಯ್ತು. ಆದರೂ ನಿಮ್ಮ ಎಚ್‌ಎಂ ಯಾಕೆ ಸುಮ್ಮನೆ ಕೂತಿದ್ರು ಅಂತ ನಾನು ಹೇಳಬಲ್ಲೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಹೀಗೇ ಒಬ್ಬರನ್ನ ಇಟ್ಟುಕೊಂಡಿದ್ದರು. ಮೊದಲ ವಾರ ಎಲ್ಲರಿಗೂ ಸಂತೋಷ. ಎರಡನೇ ವಾರದಿಂದ ತಡವಾಗಿ ಬಂದ ಗಂಡು ಹುಡುಗರಿಗೆ ಗೇಟಿನಲ್ಲೇ ಬಸ್ಕಿ. ಆಡಳಿತ ಮಂಡಳಿಯವರು ನಿಂತು ನೋಡಿ ನಗುತ್ತಿದ್ದರು. ಒಂದು ದಿನ ಎಂಟನೇ ಕ್ಲಾಸಿನ ಹುಡುಗನ ಬ್ಯಾಗನ್ನು ಎಲ್ಲರೆದುರು ಸುರಿಸಿದರು, ಯಾರದೋ ಕ್ಯಾಲ್ಕುಲೇಟರ್ ಕಾಣೆಯಾಗಿತ್ತು ಅಂತ. ಅದರಲ್ಲಿ ಇದ್ದಿದ್ದು ಎರಡು ಪುಸ್ತಕ, ಬಿಸಿಯೂಟದಿಂದ ತಂಗಿಗೆ ಅಂತ ಕಟ್ಟಿಟ್ಟುಕೊಂಡಿದ್ದ ಮೊಟ್ಟೆ. ಆ ಹುಡುಗ ಆಮೇಲೆ ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ಕರೆದೆವು, ಬರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ ಅಂತ ನಮಗೆ ತರಬೇತಿಯಲ್ಲಿ ಪ್ರತಿ ವರ್ಷ ಹೇಳುತ್ತಾರೆ. ಗೇಟಿನವರಿಗೆ ಯಾರೂ ಹೇಳಿರುವುದಿಲ್ಲ.

ಆದ್ದರಿಂದ "ಪೊಲೀಸ್ ಅಂದ್ರೆ ಶಿಸ್ತು ಬರತ್ತೆ" ಎಂದ ಆ ಅರ್ಧ ಜನರ ಬಗ್ಗೆ ನನಗೆ ಹೆಚ್ಚು ಭಯ. ತಡವಾಗಿ ಬಂದ ಮಗುವಿನ ಹೆಸರು ಬರೆದುಕೊಂಡು ಒಳಗೆ ಕಳಿಸಬೇಕು, ಅಷ್ಟೇ ಅವರ ಕೆಲಸ. ಯಾಕೆ ತಡ ಅಂತ ಕೇಳೋದು ಕ್ಲಾಸ್ ಟೀಚರ್. ಕಾಲುಸಂಕ ದಾಟಿ ಬರುವ ಮಗು ಹಳ್ಳದ ನೀರು ಇಳಿಯುವ ತನಕ ಕಾದು ಬಂದಿರಬಹುದು.

ಇನ್ನೊಂದು ಮಾತು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. 2005ರ ಆಸುಪಾಸಿನಲ್ಲಿ ಆಗುಂಬೆ, ಕೊಪ್ಪ, ಶೃಂಗೇರಿ ಕಾಡಂಚಿನ ಮನೆಗಳಿಗೆ ನಕ್ಸಲರೂ ಬರುತ್ತಿದ್ದರು, ಅವರ ಹಿಂದೆ ಅವರನ್ನು ಹುಡುಕುವ ಕೂಂಬಿಂಗ್ ಪೊಲೀಸರೂ ಬರುತ್ತಿದ್ದರು. ಆಗ ಚಿಕ್ಕವರಿದ್ದವರ ಮಕ್ಕಳು ಈಗ ನಮ್ಮ ಕ್ಲಾಸುಗಳಲ್ಲಿ ಕೂತಿದ್ದಾರೆ. ಮನೆಯಲ್ಲಿ ಅಜ್ಜಂದಿರು ಪೊಲೀಸ್ ಎಂಬ ಮಾತನ್ನು ಯಾವ ದನಿಯಲ್ಲಿ ಆಡುತ್ತಾರೋ ಅದೇ ದನಿ ಮಗುವಿನ ಕಿವಿಯಲ್ಲೂ ಇರುತ್ತದೆ. ಒತ್ತುವರಿ ಕೇಸಿರುವ ಮನೆಗಳೂ ಅಷ್ಟೇ, ಅಲ್ಲಿ ಅರಣ್ಯದವರ ಖಾಕಿಗೂ ಪೊಲೀಸ್ ಖಾಕಿಗೂ ವ್ಯತ್ಯಾಸವಿಲ್ಲ. ಪೋಕ್ಸೋದಲ್ಲಿ ಮಗುವಿನ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು ಅಂತ ಕಾನೂನೇ ಹೇಳುತ್ತದೆ. ಸುಮ್ಮನೆ ಹೇಳಿಲ್ಲ ಅದನ್ನು.

ಹಾಗೇ, ದಫೇದಾರರು ಇದೇ ಠಾಣೆ ವ್ಯಾಪ್ತಿಯಲ್ಲಿ ಕೆಲಸ ಮಾಡಿದವರಾದರೆ ಅವರು ಹಿಂದೊಮ್ಮೆ ಹಿಡಿದು ತಂದವರ ಮಕ್ಕಳು ನಿಮ್ಮಲ್ಲಿ ಓದುತ್ತಿದ್ದಾರಾ? ಅರ್ಧ ತಾಲ್ಲೂಕಿನ ವ್ಯಾಜ್ಯ ತಲೆಯಲ್ಲಿರೋದು ಲಾಭ ಅಂತ ಎಎಸ್‌ಐ ಸರ್ ಹೇಳಿದರು. "ಇವರಪ್ಪ ಗೊತ್ತಲ್ಲ, ಜೂಜಿನ ಕೇಸಲ್ಲಿದ್ದ" ಅಂತ ಆ ತಲೆಯಿಂದ ಒಂದು ಮಾತು ಹೊರಗೆ ಬಿದ್ದರೆ ಸಾಕು, ಆ ಮಗುವಿಗೆ ಹತ್ತನೇ ಕ್ಲಾಸಿನ ತನಕ ಅದೇ ಹೆಸರು.

ಬೇಡ ಎನ್ನುತ್ತಿಲ್ಲ. ಆಗುವುದಾದರೆ ನಿವೃತ್ತ ಮಹಿಳಾ ಸಿಬ್ಬಂದಿಯನ್ನು ಹುಡುಕಿ. ಆ ಕಾಲದಲ್ಲಿ ಸೇರಿದ ಹೆಂಗಸರೇ ಕಮ್ಮಿ, ಸಿಗುವುದು ಕಷ್ಟ. ಸಿಕ್ಕರೆ ಬಸ್‌ಸ್ಟಾಪಿನಲ್ಲಿ ಕಾಯುವ ಹುಡುಗಿಯರು ತಾವಾಗಿ ಹೋಗಿ ಪಕ್ಕದಲ್ಲಿ ಕೂರುತ್ತಾರೆ, ಹೇಳಬೇಕಾದ್ದನ್ನು ಹೇಳುತ್ತಾರೆ.

ಕುಂಸಿಯವ, ಈಗ ನ್ಯೂಜೆರ್ಸಿ

ಊರಿನ ವಿಷಯ ನೋಡಿ ಬರೀತಿದ್ದೀನಿ. ಇಲ್ಲಿ ಇದಕ್ಕೊಂದು ಕಾನೂನೇ ಇದೆ, 2016ರ ಕೊನೆಯಲ್ಲಿ ಬಂದಿದ್ದು. ರಿಟೈರ್ ಆದ, 65 ದಾಟದ ಪೊಲೀಸರನ್ನ ಶಾಲೆಗಳಲ್ಲಿ ಕಾವಲಿಗೆ ನೇಮಿಸಬಹುದು, "ಕ್ಲಾಸ್ ತ್ರೀ" ಅಂತಾರೆ. ನನ್ನ ಮಗಳ ಶಾಲೆಯಲ್ಲೂ ಒಬ್ಬರಿದ್ದಾರೆ. ಆದರೆ ಇದನ್ನ ನೋಡಿ ಊರಲ್ಲಿ ಮಾಡೋಣ ಅನ್ನೋರಿಗೆ ಎರಡು ವ್ಯತ್ಯಾಸ ಹೇಳಬೇಕು. ಇಲ್ಲಿ ಅವರನ್ನ ನೇಮಿಸೋದು ಪೊಲೀಸ್ ಇಲಾಖೆ, ಶಾಲೆ ಕಮಿಟಿ ಅಲ್ಲ. ಡ್ಯೂಟಿ ಹೊತ್ತಲ್ಲಿ ಅವರಿಗೆ ಅಧಿಕಾರ ಇರತ್ತೆ, ಬಂದೂಕೂ ಇರತ್ತೆ, ತಪ್ಪು ಮಾಡಿದ್ರೆ ಕೇಳೋಕೆ ಮೇಲಧಿಕಾರಿ ಇರ್ತಾರೆ. ಮತ್ತೆ, ಮೂವತ್ತು ವರ್ಷ ಸರ್ವಿಸ್ ಆಗಿದ್ರೂ ಶಾಲೆಯಲ್ಲಿ ಹೇಗಿರಬೇಕು ಅನ್ನೋದಕ್ಕೆ ಬೇರೆ ತರಬೇತಿ ಆಗಲೇಬೇಕು.

ಇಲ್ಲಿನ ಭಯ ಬೇರೆ, ಶಾಲೆಗೆ ನುಗ್ಗಿ ಗುಂಡು ಹಾರಿಸೋರದ್ದು. ಅದಕ್ಕೂ ಇದು ಪೂರ್ತಿ ಮದ್ದಲ್ಲ. 2018ರಲ್ಲಿ ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತಾಗ ಬಂದೂಕು ಇದ್ದ ಡ್ಯೂಟಿ ಪೊಲೀಸ್ ಹೊರಗೇ ನಿಂತಿದ್ರು. ನನ್ನ ಮಗಳನ್ನ ಕೇಳಿದ್ರೆ ಅವಳಿಗೆ ತಮ್ಮ ಶಾಲೆ ಆಫೀಸರ್ ಬಗ್ಗೆ ಗೊತ್ತಿರೋದು ಒಂದೇ, ಅವರ ನಾಯಿ ಹೆಸರು. ತೀರ್ಥಹಳ್ಳಿಗೆ ಅಷ್ಟು ಸಾಕು ಅನ್ಸತ್ತೆ ನನಗೆ.

ಲೇಬರ್ ಕನ್ಸಲ್ಟೆಂಟ್, ದುರ್ಗಿಗುಡಿ

ಕಾನೂನಿನ ಪ್ರಶ್ನೆಗೆ ಚುಟುಕಾಗಿ. ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ 2005ರ ಲೈಸೆನ್ಸ್ ಬೇಕಾಗಿರೋದು ಏಜೆನ್ಸಿ ನಡೆಸೋರಿಗೆ. ಶಾಲೆ ತನ್ನ ಸಿಬ್ಬಂದಿಯಾಗಿ ಒಬ್ಬರನ್ನ ನೇರವಾಗಿ ಇಟ್ಟುಕೊಂಡರೆ ಅದು ಏಜೆನ್ಸಿ ಆಗಲ್ಲ. ಏಜೆನ್ಸಿ ಮೂಲಕ ಹೋದರೆ ಗಾರ್ಡಿಗೆ 65 ತುಂಬಿರಬಾರದು. ಸಾಮಾನ್ಯ ಗಾರ್ಡಿಗೆ 100 ಗಂಟೆ ಪಾಠ, 60 ಗಂಟೆ ಫೀಲ್ಡ್ ತರಬೇತಿ. ಮಾಜಿ ಸೈನಿಕರು, ಮಾಜಿ ಪೊಲೀಸರಿಗೆ ಕೇಂದ್ರದ ಮಾದರಿ ನಿಯಮದಲ್ಲಿ 40 ಮತ್ತು 16ಕ್ಕೆ ಇಳಿಸಿದ್ದಾರೆ. ಪೊಲೀಸರ ಹಾಗೆ ಕಾಣೋ ಸಮವಸ್ತ್ರ ಗಾರ್ಡ್ ಹಾಕಿದ್ರೆ ಅದೇ ಕಾಯ್ದೆಯಲ್ಲಿ ಒಂದು ವರ್ಷದ ತನಕ ಶಿಕ್ಷೆ ಇದೆ.

ನೇರ ನೇಮಕ ಅಂದ್ರೆ "ಕೈಗೆ ಒಂಬತ್ತು ಸಾವಿರ ಕೊಟ್ರಾಯ್ತು" ಅಲ್ಲ. ಪತ್ರ ಕೊಡಿ, ಹಾಜರಿ ಪುಸ್ತಕಕ್ಕೆ ಸೇರಿಸಿ, ಪಿಎಫ್-ಇಎಸ್‌ಐ ಲೆಕ್ಕದಲ್ಲಿ ನಿಮ್ಮ ಆಡಿಟರ್ ಹತ್ರ ಕೇಳಿ. ಗೇಟಲ್ಲಿ ಲಾರಿ ತಾಗಿತು ಅಂದ ದಿನ ಇದೆಲ್ಲ ಬೇಕಾಗತ್ತೆ. ಮತ್ತೆ ಮಾಜಿ ಪೊಲೀಸ್ ಆದ್ರೂ ಪೊಲೀಸ್ ವೆರಿಫಿಕೇಷನ್ ಮಾಡಿಸಿ. ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ. ನೆನಪಿರಲಿ, ಶಾಲೆಯ ಸಿಬ್ಬಂದಿಯೇ ಮಗುವಿನ ಮೇಲೆ ದೌರ್ಜನ್ಯ ಮಾಡಿದ್ರೆ ಪೋಕ್ಸೋದಲ್ಲಿ ಅದು ಹೆಚ್ಚಿನ ಶಿಕ್ಷೆಯ ಅಪರಾಧ, ನಿಮ್ಮ ಗೇಟಿನವರೂ ಆ ಸಿಬ್ಬಂದಿಯಲ್ಲೇ ಬರ್ತಾರೆ.

ಕಮಿಟಿ ಮೆಂಬರ್, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ಧನ್ಯವಾದ. ಮೇಡಂ ಬರೆದಿದ್ದನ್ನ ನಮ್ಮ ಎಚ್‌ಎಂಗೆ ತೋರಿಸಿದೆ. "ಮೊಟ್ಟೆ ವಿಷಯ ಓದಿದ್ರಾ?" ಅಂದ್ರು, ಮತ್ತೇನೂ ಹೇಳಲಿಲ್ಲ.

ದಫೇದಾರರ ಮನೆಗೂ ಹೋಗಿದ್ದೆ. ಠಾಣೆಯಲ್ಲೇ ಇದ್ದವರಂತೆ, ರೈಟರ್ ಆಗಿರಲಿಲ್ಲ, ಕೋರ್ಟ್ ಡ್ಯೂಟಿ ಬಹಳ ವರ್ಷ. ಹೆಚ್ಚು ಸರ್ವಿಸ್ ಭದ್ರಾವತಿ, ಶಿಕಾರಿಪುರ ಕಡೆ, ನಮ್ಮ ಠಾಣೆಯಲ್ಲಿ ಕೊನೇ ಎರಡು ವರ್ಷ ಮಾತ್ರ. ಹಿಡಿದು ತಂದವರ ಮಕ್ಕಳ ಪ್ರಶ್ನೆ ಅಷ್ಟಾಗಿ ಬರಲ್ಲ ಅನ್ಸತ್ತೆ. ಖಾಕಿ ಇಲ್ಲ, ಕೋವಿ ಇಲ್ಲ, ಬಸ್ಕಿ ಇಲ್ಲ ಅಂದೆ. ಮೂರಕ್ಕೂ ತಲೆ ಆಡಿಸಿದ್ರು. "ದೂರು ಬಂದ್ರೆ ನೀವು ಇತ್ಯರ್ಥ ಮಾಡೋ ಹಾಗಿಲ್ಲ" ಅಂದಾಗ ಮಾತ್ರ "ಸಣ್ಣಪುಟ್ಟದ್ದಕ್ಕೆಲ್ಲ ಠಾಣೆಗೆ ಯಾಕೆ?" ಅಂದ್ರು. ಎಎಸ್‌ಐ ಸಾಹೇಬ್ರೆ, ಇದಕ್ಕೆ ಏನು ಹೇಳಲಿ?

ಮಾಜಿ ಎಎಸ್‌ಐ, ಸಾಗರ

ನಿರೀಕ್ಷೆ ಮಾಡಿದ್ದೇ. ಅವರು ಕೋರ್ಟ್ ಡ್ಯೂಟಿ ಮಾಡಿದವರು ಅಂದ್ರೆ ಸುಲಭ ಆಯ್ತು. "ಸಣ್ಣದೋ ದೊಡ್ಡದೋ ಅಂತ ಯಾರು ತೀರ್ಮಾನ ಮಾಡೋದು, ನೀವೋ, ಸೆಷನ್ಸ್ ಜಡ್ಜೋ" ಅಂತ ಕೇಳಿ. ಪೋಕ್ಸೋ ಕೇಸಲ್ಲಿ ಸಾಕ್ಷಿಕಟ್ಟೆಗೆ ಬಂದ ಹೆಡ್‌ಮಾಸ್ಟರುಗಳನ್ನ ಅವರು ನೋಡಿರ್ತಾರೆ, ವಕೀಲರು "ನಿಮಗೆ ಯಾವತ್ತು ಗೊತ್ತಾಯ್ತು, ಯಾವತ್ತು ತಿಳಿಸಿದ್ರಿ" ಅಂತ ಕೇಳೋವಾಗ ಅವರ ಮುಖ ಹೇಗಾಗತ್ತೆ ಅಂತಲೂ ನೋಡಿರ್ತಾರೆ. ಹುಡುಗರ ಹೊಡೆದಾಟ, ಪೆನ್ನು ಕದ್ದಿದ್ದು ಎಚ್‌ಎಂ ನೋಡ್ಕೋತಾರೆ, ಅದಕ್ಕೆ ಠಾಣೆ ಬೇಡ, ದಫೇದಾರರೂ ಬೇಡ. ಮೈ ಮುಟ್ಟಿದ ದೂರು ಅಂದ್ರೆ ಅವತ್ತೇ. ಈ ಎರಡು ಸಾಲನ್ನ ಪತ್ರದಲ್ಲಿ ಹಾಕಿ, ಓದಿ ಸಹಿ ಮಾಡಲಿ. ಸಹಿ ಹಾಕೋಕೆ ಹಿಂದೆ ಮುಂದೆ ನೋಡಿದ್ರೆ ಎಷ್ಟೇ ಒಳ್ಳೆಯವರಾದ್ರೂ ಬೇಡ, ಬೇರೆಯವರನ್ನ ನೋಡಿ.

ಸಹಿ ಹಾಕಿದ್ರೆ ಮೂರು ತಿಂಗಳಿಗೆ ಮಾತ್ರ ಮೊದಲು ಕೊಡಿ, ಆಮೇಲೆ ಟೀಚರ್‌ಗಳನ್ನ ಕೇಳಿ ಮುಂದುವರಿಸಿ. ಕಮಿಟಿಯವರನ್ನ ಕೇಳಬೇಡಿ, ನೀವು ಯಾರೂ ಒಂಬತ್ತು ಗಂಟೆಗೆ ಗೇಟಲ್ಲಿರಲ್ಲ.

ಹೊಸನಗರದ ಮೇಡಂ ಹೇಳಿದ ಮಹಿಳಾ ಸಿಬ್ಬಂದಿ ವಿಷಯ. ಶಿವಮೊಗ್ಗ ಮಹಿಳಾ ಠಾಣೆಯಲ್ಲಿ ಇದ್ದು ರಿಟೈರ್ ಆದವರು ಒಬ್ಬರು ತೀರ್ಥಹಳ್ಳಿ ಕಡೆಗೇ ಬಂದು ನೆಲೆಸಿದ್ದಾರೆ ಅಂತ ಕೇಳಿದ್ದೆ. ಅವರನ್ನ ಕೇಳಿ ನೋಡ್ತೀನಿ, ಒಪ್ಪಿದ್ರೆ ನಿಮಗೆ ಮೆಸೇಜ್ ಮಾಡ್ತೀನಿ. ಸಂಜೆ ಬಸ್‌ಸ್ಟಾಪಿಗೆ ಅವರು, ಬೆಳಿಗ್ಗೆ ಗೇಟಿಗೆ ಇವರು ಅಂತ ಹಂಚಿದ್ರೆ ಆ ಒಂಬತ್ತು ಸಾವಿರವನ್ನ ಹನ್ನೆರಡು ಮಾಡಬೇಕಾಗಬಹುದು. ಅಧ್ಯಕ್ಷರಿಗೆ ಈಗಲೇ ಕಿವಿ ಮೇಲೆ ಹಾಕಿಡಿ.